ಓದುಗರ ಪ್ರಶ್ನೆ: ಮನೆಯಂಗಳದಲ್ಲಿ ಮೂರಂಕದ ಸ್ಪರ್ಧೆ ನಡೆಸಬಹುದೇ?

ಪ್ರಶ್ನೆ: ನಮ್ಮದು ಕಟಪಾಡಿ ಸಮೀಪದ ಹಳೆಯ ಹೆಂಚಿನ ಮನೆ. 12 ವರ್ಷದ ಮಗ ಮತ್ತು 9 ವರ್ಷದ ಮಗಳು ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್‌ನ ಮೂರಂಕದ ಸ್ಪರ್ಧೆಯನ್ನು ನೋಡಿದಂದಿನಿಂದ ಅದನ್ನೇ ನಮ್ಮ ಅಂಗಳದಲ್ಲಿ ನಡೆಸಬೇಕೆಂದು ಹಟ ಹಿಡಿದಿದ್ದಾರೆ. ಮನೆ ಉತ್ತರಕ್ಕೆ ಮುಖ ಮಾಡಿದೆ. ಅಂಗಳ ಸುಮಾರು 9 ಮೀಟರ್ ಅಗಲ, 11 ಮೀಟರ್ ಉದ್ದವಿದ್ದು, ಮನೆಯ ಎದುರಿಗೆ ತುಳಸಿಕಟ್ಟೆಯೂ ಪೂರ್ವದ ಅಂಚಿನಲ್ಲಿ ತೆರೆದ ಬಾವಿಯೂ ಇವೆ. ದೊಡ್ಡವರು ಆಡುವ 7ನೇ ಅಳತೆಯ ಎರಡು ಚೆಂಡುಗಳು ಮನೆಯಲ್ಲಿವೆ. ರಿಂಗನ್ನು ಎಲ್ಲಿ ಹಾಕಿಸಬೇಕು, ಗೆರೆಯನ್ನು ಎಷ್ಟು ದೂರದಲ್ಲಿ ಎಳೆಯಬೇಕು, ಸ್ಪರ್ಧೆಯನ್ನು ಯಾವ ಕ್ರಮದಲ್ಲಿ ನಡೆಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.
— ಓದುಗರು, ಕಟಪಾಡಿ

ಉತ್ತರ: ಖಂಡಿತ ನಡೆಸಬಹುದು. ಆದರೆ ಟಿವಿಯಲ್ಲಿ ಕಂಡದ್ದರಲ್ಲಿ ಯಾವುದನ್ನು ಹಾಗೆಯೇ ಉಳಿಸಿಕೊಳ್ಳಬೇಕು, ಯಾವುದನ್ನು ಮಕ್ಕಳ ಅಳತೆಗೆ ಇಳಿಸಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಐದು ಜಾಗಗಳು, ಗಡಿಯಾರ, ಪ್ರತಿ ಜಾಗದ ಕೊನೆಯ ಚೆಂಡಿಗಿರುವ ಹೆಚ್ಚಿನ ಬೆಲೆ, ಈ ಮೂರೂ ಉಳಿಯಲೇಬೇಕು. ಇಳಿಯಬೇಕಾದದ್ದು ದೂರ. ಅನೇಕ ಮನೆಗಳಲ್ಲಿ ಇದು ತಲೆಕೆಳಗಾಗುತ್ತದೆ. ದೂರವೊಂದನ್ನೇ ಹಟದಿಂದ ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಬಿಡುವುದರಿಂದ, ಮಕ್ಕಳು ಚೆಂಡನ್ನು ಹೇಗಾದರೂ ರಿಂಗಿನವರೆಗೆ ತಲುಪಿಸುವ ಭರದಲ್ಲಿ ಸೊಂಟದಿಂದ ಬೀಸಿ ಎಸೆಯುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಆ ರೂಢಿಯನ್ನು ಬಿಡಿಸಲು ಮುಂದೆ ಶಾಲೆಯ ತರಬೇತುದಾರರು ಬಹಳ ಹೆಣಗಬೇಕಾಗುತ್ತದೆ.

ಈ ಸ್ಪರ್ಧೆ 1986ರಲ್ಲಿ ಡಲ್ಲಾಸ್ ನಗರದಲ್ಲಿ ಎನ್‌ಬಿಎ ಆಲ್ ಸ್ಟಾರ್ ಆಟಗಳ ಅಂಗವಾಗಿ ಆರಂಭವಾಯಿತು. ಮೊದಲ ಮೂರು ವರ್ಷವೂ ಗೆದ್ದವರು ಲ್ಯಾರಿ ಬರ್ಡ್. ಪಂದ್ಯದಲ್ಲಿ ಹೊರಗಿನಿಂದ ಎಸೆದು ಹಾಕಿದರೆ ಮೂರಂಕ ಸಿಗುವ ಗೆರೆಯ ಉದ್ದಕ್ಕೂ ಐದು ಕಡೆ ಚೆಂಡಿನ ರ್‍ಯಾಕ್‌ಗಳು, ಒಂದೊಂದರಲ್ಲಿ ಐದು ಚೆಂಡುಗಳು, ಒಟ್ಟು 25 ಚೆಂಡುಗಳಿಗೆ 60 ಸೆಕೆಂಡು ಎಂಬುದು ಮೂಲ ನಿಯಮ. ಪ್ರತಿ ರ್‍ಯಾಕಿನ ಮೊದಲ ನಾಲ್ಕು ಚೆಂಡುಗಳಿಗೆ ಒಂದೊಂದು ಅಂಕ, ಮನಿ ಬಾಲ್ ಎಂದು ಕರೆಯುವ ಕೊನೆಯ ಬಣ್ಣದ ಚೆಂಡಿಗೆ ಎರಡು ಅಂಕ; ಹೀಗೆ ಗರಿಷ್ಠ 30 ಅಂಕ. 2014ರಿಂದ ಒಂದು ರ್‍ಯಾಕನ್ನು ಪೂರ್ತಿ ಎರಡಂಕದ ಚೆಂಡುಗಳಿಂದಲೇ ತುಂಬಿಸಿ, ಅದನ್ನು ಯಾವ ಜಾಗದಲ್ಲಿ ಇಡಬೇಕೆಂಬ ಆಯ್ಕೆಯನ್ನು ಆಟಗಾರನಿಗೇ ಕೊಟ್ಟದ್ದರಿಂದ ಗರಿಷ್ಠ ಅಂಕ 34ಕ್ಕೇರಿತು. 2020ರಲ್ಲಿ ಇನ್ನೂ ಹಿಂದಿನಿಂದ ಎಸೆಯುವ, ಮೂರಂಕ ಬೆಲೆಯ ಎರಡು ಚೆಂಡುಗಳು ಸೇರಿ, ಸಮಯ 70 ಸೆಕೆಂಡಿಗೂ ಗರಿಷ್ಠ ಅಂಕ 40ಕ್ಕೂ ಹೋದವು. ನಿಮ್ಮ ಅಂಗಳಕ್ಕೆ 1986ರ ಸರಳ ನಿಯಮವೇ ಸಾಕು. ಮಕ್ಕಳಿಗೆ ಲೆಕ್ಕ ಬಾಯಲ್ಲೇ ಸಿಗುತ್ತದೆ, ಬರೆದಿಡುವವರಿಗೂ ಗೊಂದಲವಿಲ್ಲ.

ಕೊನೆಯ ಚೆಂಡಿನ ಹೆಚ್ಚಿನ ಬೆಲೆಯನ್ನು ಮಾತ್ರ ಬಿಡಬೇಡಿ ಎಂದು ನಾನು ಒತ್ತಿ ಹೇಳಲು ಕಾರಣವಿದೆ. 2021ರ ಅಂತಿಮ ಸುತ್ತಿನಲ್ಲಿ ಮೈಕ್ ಕಾನ್ಲಿ 27 ಅಂಕ ಗಳಿಸಿ ನಿಂತಿದ್ದರು. ಸ್ಟೀಫನ್ ಕರಿ ಅವರ ಕೈಯಲ್ಲಿ ಕೊನೆಯ ಚೆಂಡು ಉಳಿದಾಗ ಅವರ ಅಂಕ 26. ಆ ಚೆಂಡು ಎರಡಂಕದ್ದಾಗಿದ್ದರಿಂದಲೇ ಅದು ರಿಂಗಿನೊಳಗೆ ಬಿದ್ದಾಗ 28 ಆಗಿ ಅವರು ಗೆದ್ದರು. ಅದು ಒಂದೇ ಅಂಕದ ಚೆಂಡಾಗಿದ್ದರೆ ಇಬ್ಬರೂ ಸಮ ಆಗುತ್ತಿದ್ದರು. ದಣಿದ ಕೈಯಲ್ಲಿ, ಸಮಯ ಮುಗಿಯುತ್ತ ಬಂದಾಗ, ಎಲ್ಲಕ್ಕಿಂತ ಬೆಲೆಯ ಚೆಂಡನ್ನು ಎಸೆಯಬೇಕಾಗಿ ಬರುವುದೇ ಈ ಸ್ಪರ್ಧೆಯ ಜೀವಾಳ. ಅದನ್ನು ಒಂಬತ್ತು ವರ್ಷದ ಹುಡುಗಿಯೂ ಪೂರ್ಣವಾಗಿ ಅನುಭವಿಸಬಲ್ಲಳು.

ಇನ್ನು ದೂರದ ಮಾತು. ಎನ್‌ಬಿಎ ಗೆರೆ ರಿಂಗಿನ ನಡುವಿನಿಂದ 7.24 ಮೀಟರ್ ದೂರದಲ್ಲಿದೆ, ಎರಡು ಮೂಲೆಗಳಲ್ಲಿ ಮಾತ್ರ 6.70 ಮೀಟರ್. ನಮ್ಮ ದೇಶವೂ ಸೇರಿದಂತೆ ಲೋಕದ ಬಹುಭಾಗ ಅನುಸರಿಸುವ ಅಂತಾರಾಷ್ಟ್ರೀಯ ಸಂಸ್ಥೆ ಫಿಬಾದ ಗೆರೆ 6.75 ಮೀಟರ್, ಮೂಲೆಗಳಲ್ಲಿ 6.60. ಫಿಬಾದ ಅರ್ಧವೃತ್ತಕ್ಕೇ 13 ಮೀಟರಿಗಿಂತ ಹೆಚ್ಚು ಅಗಲ ಬೇಕಾಗಿರುವುದರಿಂದ ನಿಮ್ಮ 9 ಮೀಟರ್ ಅಂಗಳದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ, ಮತ್ತು ಅದು ಏಳದಿರುವುದು ಮಕ್ಕಳ ಪಾಲಿಗೆ ಒಳ್ಳೆಯದೇ ಆಯಿತು. ಮಗನಿಗೆ 4 ಮೀಟರಿನ ಗೆರೆ, ಮಗಳಿಗೆ 3 ಮೀಟರಿನ ಗೆರೆ ಎಳೆಯಿರಿ. ನಾಲ್ಕು ಮೀಟರ್ ಎಂದರೆ ಕಡಿಮೆಯೇನೂ ಅಲ್ಲ; ದೊಡ್ಡವರು ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ಅಡ್ಡಿಪಡಿಸದ ಎಸೆತ) ಎಸೆಯುವ ಗೆರೆ ರಿಂಗಿನ ನಡುವಿನಿಂದ 4.225 ಮೀಟರ್ ದೂರದಲ್ಲಿ ಬರುತ್ತದೆ.

ಗೆರೆ ಎಳೆಯಲು ಹುರಿಹಗ್ಗ ಮತ್ತು ಸುಣ್ಣದ ಪುಡಿ ಸಾಕು. ನಮ್ಮ ಕಡೆ ಕಬಡ್ಡಿಗೂ ವಾಲಿಬಾಲಿಗೂ ಅಂಕಣ ಗುರುತಿಸುವುದು ಹೀಗೆಯೇ. ಆದರೆ ಹಗ್ಗದ ತುದಿಯನ್ನು ಕಂಬದ ಬುಡಕ್ಕೆ ಕಟ್ಟಬೇಡಿ. ಅಳತೆ ಶುರುವಾಗುವುದು ರಿಂಗಿನ ನಡುಬಿಂದುವಿನ ನೇರ ಕೆಳಗಿನಿಂದ, ಮತ್ತು ಆ ಬಿಂದು ಬೋರ್ಡಿನ ಮುಖದಿಂದ 37.5 ಸೆಂಟಿಮೀಟರ್ ಮುಂದಕ್ಕಿರುತ್ತದೆ. ರಿಂಗಿಗೆ ಅಡ್ಡಲಾಗಿ ಒಂದು ಕೋಲನ್ನಿಟ್ಟು, ಅದರ ನಡುವಿನಿಂದ ದಾರಕ್ಕೆ ಸಣ್ಣ ಕಲ್ಲು ಕಟ್ಟಿ ಇಳಿಬಿಡಿ. ಕಲ್ಲು ಅಲುಗಾಡದೆ ನಿಂತ ಮೇಲೆ ಅದರ ತುದಿ ತೋರುವ ಕಡೆ ನೆಲಕ್ಕೆ ಒಂದು ಮೊಳೆ ಹೊಡೆದು, ಹಗ್ಗವನ್ನು ಅದಕ್ಕೆ ಕುಣಿಕೆ ಹಾಕಿ, ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ಸುತ್ತು ಬನ್ನಿ. ಗೆರೆ ಎಳೆದು ಮುಗಿದ ಕೂಡಲೇ ಮೊಳೆಯನ್ನು ಕಿತ್ತುಬಿಡಿ. ಮಕ್ಕಳು ಚೆಂಡು ಹಿಡಿಯಲು ಹೆಚ್ಚು ಓಡಾಡುವುದು ಅಲ್ಲಿಯೇ.

ರಿಂಗನ್ನು ಅಂಗಳದ ಉತ್ತರದ ಅಂಚಿನಲ್ಲಿ, ಮನೆಗೆ ಎದುರಾಗಿ ನಿಲ್ಲಿಸಿ. ಆಗ ಎಸೆಯುವವರು ಉತ್ತರಕ್ಕೆ ಮುಖ ಮಾಡುವುದರಿಂದ ಬೆಳಗಿನ ಮತ್ತು ಸಂಜೆಯ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುವುದಿಲ್ಲ, ಗೆರೆಯೂ ತುಳಸಿಕಟ್ಟೆಯಿಂದ ಸಾಕಷ್ಟು ದೂರದಲ್ಲೇ ಮುಗಿಯುತ್ತದೆ. ತುಳಸಿಕಟ್ಟೆಯ ಕಡೆಗೆ ಎಸೆತವೇ ಹೋಗದಂತೆ ಈ ವ್ಯವಸ್ಥೆ ಮಾಡಿಕೊಂಡರೆ ಮನೆಯ ಹಿರಿಯರ ಮನಸ್ಸಿಗೂ ನೋವಾಗುವುದಿಲ್ಲ. ಕೆಂಪುಕಲ್ಲಿನ ಆವರಣ ಗೋಡೆ ಇದ್ದರೆ ಬೋರ್ಡನ್ನು ಅದಕ್ಕೇ ಬೋಲ್ಟ್ ಹಾಕಿ ಕೂರಿಸುವ ಆಲೋಚನೆ ಬರಬಹುದು. ಅದು ಬೇಡ. ಕೆಂಪುಕಲ್ಲು ತೂತುತೂತಾದ ಮೆದು ಕಲ್ಲು. ಚೆಂಡಿನ ಹೊಡೆತ ದಿನವೂ ಬೀಳುತ್ತಿದ್ದರೆ ಬೋಲ್ಟಿನ ಸುತ್ತ ಕಲ್ಲು ಪುಡಿಯಾಗಿ ಹಿಡಿತ ಸಡಿಲವಾಗುತ್ತದೆ. ತೆಂಗಿನ ಮರಕ್ಕಂತೂ ರಿಂಗ್ ಕಟ್ಟಲೇಬೇಡಿ, ಕಾಯಿ ಬೀಳುವ ಜಾಗದಲ್ಲಿ ಮಕ್ಕಳು ತಲೆ ಎತ್ತಿ ನಿಲ್ಲುವುದು ಸರಿಯಲ್ಲ. ದಪ್ಪ ಜಿಐ ಪೈಪನ್ನು ಕಾಂಕ್ರೀಟಿನಲ್ಲಿ ಆಳವಾಗಿ ಹೂತು ನಿಲ್ಲಿಸುವುದೇ ಸರಿಯಾದ ದಾರಿ. ಬೋರ್ಡನ್ನು ಎರಡು ಎತ್ತರಗಳಲ್ಲಿ ಬಿಗಿಯುವಂತೆ ವೆಲ್ಡಿಂಗ್‌ನವರಿಂದ ಕ್ಲಾಂಪ್ ಮಾಡಿಸಿಕೊಳ್ಳಿ. ದೊಡ್ಡವರ ರಿಂಗಿನ ಎತ್ತರ 3.05 ಮೀಟರ್, ಮಕ್ಕಳ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ 2.60 ಮೀಟರ್. ಈಗ 2.60ರಲ್ಲಿ ಇಟ್ಟು, ಮಗ ಹೈಸ್ಕೂಲಿನಲ್ಲಿ ಒಂದಷ್ಟು ಎತ್ತರ ಬೆಳೆದ ಮೇಲೆ ಏರಿಸಿದರಾಯಿತು.

ಬಾವಿಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಒಂದು ಬದಿಯಿಂದ ಎಸೆದ ಚೆಂಡು ಗುರಿ ತಪ್ಪಿದಾಗ ಹೆಚ್ಚಾಗಿ ಎದುರು ಬದಿಗೆ ಚಿಮ್ಮುತ್ತದೆ. ಅಂದರೆ ಪಶ್ಚಿಮದ ಮೂಲೆಯಿಂದ ಎಸೆದದ್ದು ನೇರ ನಿಮ್ಮ ಬಾವಿಯ ಕಡೆಗೇ ಹೋಗುತ್ತದೆ, ಅದರ ಹಿಂದೆ ಮಕ್ಕಳೂ ಓಡುತ್ತಾರೆ. ಬಾವಿಗೆ ಕಬ್ಬಿಣದ ಜಾಲರಿ ಮುಚ್ಚುವವರೆಗೆ ಸ್ಪರ್ಧೆಯನ್ನು ಆರಂಭಿಸಬೇಡಿ. ಮುಚ್ಚಿದ ನಂತರವೂ ಆ ಬದಿಯ ಮೂಲೆಯ ಜಾಗವನ್ನು ಗೆರೆಯ ಮೇಲೆಯೇ ಒಂದು ಮೀಟರಿನಷ್ಟು ನಡುವಿನ ಕಡೆಗೆ ಸರಿಸಿಕೊಳ್ಳಿ, ಸಮತೋಲನಕ್ಕಾಗಿ ಪಶ್ಚಿಮದ ಮೂಲೆಯನ್ನೂ ಅಷ್ಟೇ ಸರಿಸಿ.

ಈಗ ಚೆಂಡು. 7ನೇ ಅಳತೆಯದು ದೊಡ್ಡ ಗಂಡಸರ ಚೆಂಡು, ತೂಕ ಸುಮಾರು 600 ಗ್ರಾಂ. ಮಗಳಿಗೆ 5ನೇ ಅಳತೆಯ ಚೆಂಡು ತರಿಸಿ, ಅದು 500 ಗ್ರಾಮಿಗಿಂತ ಹಗುರ. ಮಗನಿಗೆ 6ನೆಯದು ಸರಿಹೋಗುತ್ತದೆ. ಒಂದೇ ಸ್ಪರ್ಧೆಯಲ್ಲಿ ಇಬ್ಬರಿಗೆ ಬೇರೆ ಬೇರೆ ಚೆಂಡು ಕೊಡುವುದು ಅನ್ಯಾಯವಲ್ಲವೇ ಎಂದು ಮಗ ಕೇಳಿದರೆ 2024ರ ಉದಾಹರಣೆ ಹೇಳಿ. ಆ ವರ್ಷ ಸ್ಟೀಫನ್ ಕರಿ ಮತ್ತು ಮಹಿಳಾ ಲೀಗಿನ ಸಬ್ರಿನಾ ಯೊನೆಸ್ಕು ನಡುವೆ ವಿಶೇಷ ಸ್ಪರ್ಧೆ ನಡೆದಾಗ ಇಬ್ಬರೂ ಒಂದೇ ಗೆರೆಯಿಂದ ಎಸೆದರೂ ತಂತಮ್ಮ ಲೀಗಿನ ಚೆಂಡನ್ನೇ ಬಳಸಿದ್ದರು. ಕರಿ 29, ಯೊನೆಸ್ಕು 26 ಗಳಿಸಿದರು.

ದೂರವನ್ನು ಇಳಿಸಿ ಎಂದು ನಾನು ಇಷ್ಟು ಹೇಳುತ್ತಿರುವುದರ ನಿಜವಾದ ಕಾರಣ ಚೆಂಡಿನ ದಾರಿಯಲ್ಲಿದೆ. ರಿಂಗಿನ ಒಳ ಅಗಲ 45 ಸೆಂಟಿಮೀಟರ್, 7ನೇ ಅಳತೆಯ ಚೆಂಡಿನ ಅಡ್ಡಳತೆ ಸುಮಾರು 24 ಸೆಂಟಿಮೀಟರ್. ನೇರ ಮೇಲಿನಿಂದ ಬೀಳುವ ಚೆಂಡಿಗೆ ಆ 45 ಸೆಂಟಿಮೀಟರೂ ತೆರೆದಿರುತ್ತದೆ. ಆದರೆ ಚೆಂಡು 45 ಡಿಗ್ರಿ ಓರೆಯಲ್ಲಿ ಬಂದರೆ ಅದಕ್ಕೆ ಕಾಣುವ ಬಾಯಿ ಸುಮಾರು 32 ಸೆಂಟಿಮೀಟರಿಗೆ ಕುಗ್ಗುತ್ತದೆ, 30 ಡಿಗ್ರಿಯಲ್ಲಿ ಬಂದರೆ 22.5 ಸೆಂಟಿಮೀಟರಿಗೆ, ಎಂದರೆ ಚೆಂಡಿಗಿಂತಲೂ ಚಿಕ್ಕದಾಗುತ್ತದೆ. ಅಂತಹ ಚೆಂಡು ರಿಂಗಿಗೆ ಬಡಿಯದೆ ಒಳಗೆ ಹೋಗುವುದು ಸಾಧ್ಯವೇ ಇಲ್ಲ. ಶಕ್ತಿ ಮೀರಿದ ದೂರದಿಂದ ಎಸೆಯುವ ಮಗುವಿನ ಚೆಂಡು ಯಾವಾಗಲೂ ಚಪ್ಪಟೆಯಾಗಿ ಬರುತ್ತದೆ, ಏಕೆಂದರೆ ಇರುವ ಬಲವೆಲ್ಲ ಮುಂದಕ್ಕೆ ತಳ್ಳುವುದರಲ್ಲೇ ಮುಗಿದು ಮೇಲಕ್ಕೆ ಎತ್ತಲು ಏನೂ ಉಳಿದಿರುವುದಿಲ್ಲ. ಹತ್ತಿರದಿಂದ ಎಸೆಯುವ ಮಗು ಚೆಂಡನ್ನು ಎತ್ತರಕ್ಕೆ ಕಳಿಸಲು ಕಲಿಯುತ್ತದೆ. ಹಾಗೆ ಕಲಿತ ಕೈ ಬೆಳೆದಂತೆ ದೂರ ತಾನಾಗಿ ಒದಗುತ್ತದೆ. ಗೆರೆ ಸರಿಯಾದ ದೂರದಲ್ಲಿದೆಯೇ ಎಂದು ತಿಳಿಯಬೇಕಾದರೆ ಪಕ್ಕದಲ್ಲಿ ನಿಂತು ನೋಡಿ: ಚೆಂಡಿನ ದಾರಿಯ ತುದಿ ಬೋರ್ಡಿನ ಮೇಲಂಚಿಗಿಂತ ಚೆನ್ನಾಗಿ ಮೇಲೆ ಹೋಗುತ್ತಿದ್ದರೆ ದೂರ ಸರಿಯಾಗಿದೆ, ಇಲ್ಲವಾದರೆ ಗೆರೆಯನ್ನು ಅರ್ಧ ಮೀಟರ್ ಹತ್ತಿರಕ್ಕೆ ತನ್ನಿ.

ನಮ್ಮ ಕರಾವಳಿಯ ಮಕ್ಕಳಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಬೇಕು. ವಾಲಿಬಾಲ್ ನೋಡಿ, ಆಡಿ ಬೆಳೆದವರು ಬಾಸ್ಕೆಟ್‌ಬಾಲನ್ನೂ ಎರಡೂ ಕೈಗಳಿಂದ ಸಮವಾಗಿ ಎತ್ತುತ್ತಾರೆ. ಆಗ ಎಡಗೈಯ ಹೆಬ್ಬೆರಳು ಕೊನೆಯ ಕ್ಷಣದಲ್ಲಿ ಚೆಂಡನ್ನು ಪಕ್ಕಕ್ಕೆ ದೂಡಿಬಿಡುತ್ತದೆ, ಚೆಂಡಿನ ಸುತ್ತು ಓರೆಯಾಗುತ್ತದೆ. ಬಲಗೈಯವರಾದರೆ ಬಲಗೈ ಚೆಂಡಿನ ಹಿಂದೆ, ಕೆಳಗಿರಬೇಕು. ಎಡಗೈ ಪಕ್ಕದಲ್ಲಿ ಆನಿಸಿಕೊಂಡಿರಬೇಕಷ್ಟೇ, ತಳ್ಳಬಾರದು. ಚೆಂಡು ಕೊನೆಗೆ ಬಿಟ್ಟುಹೋಗುವುದು ತೋರುಬೆರಳು ಮತ್ತು ನಡುಬೆರಳ ತುದಿಯಿಂದ. ಮಣಿಕಟ್ಟು ಮುಂದಕ್ಕೆ ಬಾಗಿದಾಗ ಚೆಂಡು ಹಿಮ್ಮುಖವಾಗಿ ಸುತ್ತುತ್ತಾ ಹೋಗುತ್ತದೆ. ಆ ಹಿಮ್ಮುಖ ಸುತ್ತಿದ್ದರೆ ರಿಂಗಿಗೆ ಬಡಿದ ಚೆಂಡೂ ದೂರ ಚಿಮ್ಮದೆ ಮೆತ್ತಗೆ ಕುಳಿತು ಒಳಗೆ ಉರುಳುವ ಸಂಭವ ಹೆಚ್ಚು. ಚೆಂಡಿನ ಮೇಲಿನ ಕಪ್ಪು ಗೆರೆಗಳು ಗಾಳಿಯಲ್ಲಿ ನೇರವಾಗಿ ಸುತ್ತುತ್ತಿವೆಯೇ ಓಲಾಡುತ್ತಿವೆಯೇ ಎಂದು ಹಿಂದೆ ನಿಂತು ನೋಡಿದರೆ ಹೆಬ್ಬೆರಳಿನ ಕೆಲಸ ಕೂಡಲೇ ಗೊತ್ತಾಗುತ್ತದೆ.

ಸ್ಪರ್ಧೆಯ ಕ್ರಮ ಹೀಗಿರಲಿ. ಎಸೆಯುವವರಿಗೆ ಅವರವರ ಅಳತೆಯ ಚೆಂಡುಗಳು ಎರಡು ಸಿಕ್ಕರೆ ಸಾಕು: ಒಂದು ಕೈಯಲ್ಲಿರುವಾಗ ಇನ್ನೊಂದನ್ನು ರಿಂಗಿನ ಕೆಳಗೆ ನಿಂತವರು ಹಿಡಿದು ಪಾಸ್ ಕೊಡುತ್ತಾರೆ. ಹೀಗೆ ಒಂದು ಎಸೆತಕ್ಕೆ ನಾಲ್ಕು ಸೆಕೆಂಡಿನಷ್ಟು ಬೇಕಾಗುವುದರಿಂದ 25 ಎಸೆತಗಳಿಗೆ ಎರಡು ನಿಮಿಷ ಕೊಡಿ. ಇಲ್ಲಿ ನ್ಯಾಯದ ಒಂದು ಸೂಕ್ಷ್ಮವಿದೆ. ಪಾಸ್ ಕೊಡುವವರ ಚುರುಕೇ ಅಂಕವನ್ನು ಏರಿಳಿಸುವುದರಿಂದ ಅಣ್ಣನಿಗೆ ತಂಗಿಯೂ ತಂಗಿಗೆ ಅಣ್ಣನೂ ಚೆಂಡು ಕೊಡುವ ಪದ್ಧತಿ ಬೇಡ. ಇಬ್ಬರಿಗೂ ಒಬ್ಬರೇ ಹಿರಿಯರು ಕೊಡಲಿ. ನೆರೆಮನೆಯ ಮಕ್ಕಳೂ ಚೆಂಡು ತಂದು ಐದು ಚೆಂಡುಗಳಾದರೆ ಇನ್ನೂ ಒಳ್ಳೆಯ ಉಪಾಯವಿದೆ: ಐದನ್ನೂ ಒಂದು ಅಗಲವಾದ ಬುಟ್ಟಿಯಲ್ಲಿಟ್ಟು, ಒಂದು ಜಾಗದ ಐದು ಎಸೆತಗಳಿಗೆ 15 ಸೆಕೆಂಡು ಕೊಟ್ಟು, ಗಡಿಯಾರ ನಿಲ್ಲಿಸಿ, ಚೆಂಡು ಹೆಕ್ಕಿ, ಮುಂದಿನ ಜಾಗಕ್ಕೆ ಹೋಗಿ. ನಿಜವಾದ ಸ್ಪರ್ಧೆಯಲ್ಲಿ ಜಾಗದಿಂದ ಜಾಗಕ್ಕೆ ಓಡುವ ಹೊತ್ತನ್ನು ಕಳೆದರೆ ಐದು ಎಸೆತಗಳಿಗೆ ಉಳಿಯುವುದು ಸುಮಾರು 10 ಸೆಕೆಂಡು ಮಾತ್ರ, ಆದ್ದರಿಂದ ಮಗ ಪಳಗಿದಂತೆ 15ನ್ನು 12ಕ್ಕೆ, ಮುಂದೆ 10ಕ್ಕೆ ಇಳಿಸಬಹುದು. ಗೆರೆ ಮೆಟ್ಟಿದರೆ ಅಂಕವಿಲ್ಲ. ಸಮಯ ಮುಗಿಯುವ ಮೊದಲು ಕೈಬಿಟ್ಟ ಚೆಂಡು ಗಾಳಿಯಲ್ಲಿದ್ದರೆ ಅದಕ್ಕೆ ಅಂಕವುಂಟು. ಎರಡಂಕದ ಚೆಂಡಿಗೆ ಟೇಪು ಸುತ್ತಬೇಡಿ, ಹಿಡಿತ ಕೆಡುತ್ತದೆ. ಐದನೆಯದನ್ನು ಎಸೆಯುವ ಮುನ್ನ ಅಂಕ ಬರೆಯುವವರು ಗಟ್ಟಿಯಾಗಿ ಕೂಗಿ ಹೇಳಿದರೆ ಸಾಕು.

ಅಂಕಗಳನ್ನು ಒಟ್ಟಾಗಿ ಮಾತ್ರವಲ್ಲ, ಜಾಗವಾರು ಬರೆದಿಡಿ. ಮೂಲೆಯಿಂದ ಬೋರ್ಡು ತೆಳುಗೆರೆಯಂತೆ ಮಾತ್ರ ಕಾಣುವುದರಿಂದ ದೂರದ ಅಂದಾಜು ಸಿಗುವುದು ಕಷ್ಟ, ಬೋರ್ಡಿಗೆ ತಾಗಿಸಿ ಒಳಗೆ ಹಾಕುವ ಅನುಕೂಲವೂ ಇಲ್ಲ. ಅಲ್ಲಿ ಅಂಕ ಕಡಿಮೆ ಬಂದರೆ ಮಕ್ಕಳು ಕೈ ಕೆಟ್ಟಿತೆಂದು ಭಾವಿಸದೆ ಆ ಜಾಗಕ್ಕೆ ಹೆಚ್ಚು ಅಭ್ಯಾಸ ಬೇಕೆಂದು ತಿಳಿಯುತ್ತಾರೆ.

ಪ್ರಶ್ನೆ: ಟಿವಿಯಲ್ಲಿ ಕಾಣುವ ಗೆರೆ ಒಂದು, ನಮ್ಮ ಕಾಲೇಜಿನ ಅಂಗಣದ ಗೆರೆ ಇನ್ನೊಂದು. ಅದರೊಳಗೆ ಮಾಸಿದ ಮತ್ತೊಂದು ಗೆರೆಯೂ ಇದೆ. ಅಭ್ಯಾಸಕ್ಕೆ ಯಾವುದನ್ನು ನಂಬಬೇಕು?
— ವಿದ್ಯಾರ್ಥಿ, ಸುರತ್ಕಲ್

ಉತ್ತರ: ಎನ್‌ಬಿಎ ಮೂರಂಕದ ಗೆರೆಯನ್ನು 1979ರ ಋತುವಿನಲ್ಲಿ ಒಪ್ಪಿಕೊಂಡಿತು, ಫಿಬಾ 1984ರಲ್ಲಿ. ಫಿಬಾದ ಗೆರೆ ಮೊದಲು 6.25 ಮೀಟರಿನಲ್ಲಿದ್ದು 2010ರಲ್ಲಿ 6.75 ಮೀಟರಿಗೆ ಹಿಂದೆ ಸರಿಯಿತು. ನಿಮ್ಮ ಅಂಗಣದ ಮಾಸಿದ ಗೆರೆ ಆ ಹಳೆಯ 6.25 ಮೀಟರಿನದಾಗಿರಬಹುದು, ಟೇಪು ಹಿಡಿದು ಅಳೆದರೆ ಖಚಿತವಾಗುತ್ತದೆ. ನೀವು ಆಡುವ ಪಂದ್ಯಗಳಲ್ಲಿ ನಡೆಯುವುದು 6.75, ಆದ್ದರಿಂದ ಸ್ಪರ್ಧೆಗೆ ಅದನ್ನೇ ಹಿಡಿಯಿರಿ. ಆದರೆ ದಿನದ ಅಭ್ಯಾಸವನ್ನು ಮಾಸಿದ ಗೆರೆಯಿಂದ ಆರಂಭಿಸಿ, ಮೈ ಬಿಸಿಯಾದ ಮೇಲೆ ಹಿಂದಕ್ಕೆ ಸರಿಯಿರಿ. ಅಳಿಸಿಹೋಗುವ ಮೊದಲು ಅದಕ್ಕೆ ತಿಳಿ ಬಣ್ಣ ಹೊಡೆಸಿಡುವುದೂ ಒಳ್ಳೆಯದು.

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ. ಬಾಗಿಲಿಗೆ ಸಿಕ್ಕಿಸುವ ಪುಟ್ಟ ರಿಂಗಿನಲ್ಲಿ ಮಗಳು ಅಭ್ಯಾಸ ಮಾಡಿದರೆ ನಿಜವಾದ ಆಟಕ್ಕೆ ಉಪಯೋಗವಾಗುತ್ತದೆಯೇ?
— ಓದುಗರು, ಮಂಗಳೂರು

ಉತ್ತರ: ಗುರಿ ಹಿಡಿಯುವುದಕ್ಕೂ ಸಂತೋಷಕ್ಕೂ ಉಪಯೋಗವಾಗುತ್ತದೆ, ದೂರದ ಅಂದಾಜಿಗೆ ಆಗುವುದಿಲ್ಲ. ಪುಟ್ಟ ಚೆಂಡು ಬೆರಳುಗಳ ನಡುವೆ ಹುದುಗಿಹೋಗುವುದರಿಂದ ಕೈಯ ಹಿಡಿತವೇ ಬೇರೆಯಾಗುತ್ತದೆ. ಸ್ಪಂಜಿನ ಚೆಂಡು ಬಳಸಿ, ಕೆಳಗಿನ ಮನೆಯವರ ನೆಮ್ಮದಿಗಾಗಿ ನೆಲಕ್ಕೆ ಪುಟಿಸುವುದನ್ನು ಬಿಡಿ. ಇದರ ಜೊತೆಗೆ ಸರಿಯಾದ ಅಳತೆಯ ಚೆಂಡನ್ನು ಹಿಡಿದು ಹಾಸಿಗೆಯ ಮೇಲೆ ಅಂಗಾತ ಮಲಗಿ, ಒಂದೇ ಕೈಯಿಂದ ನೇರ ಮೇಲಕ್ಕೆ ಎಸೆದು ಹಿಡಿಯುವ ಅಭ್ಯಾಸ ಮಾಡಿಸಿ; ಚೆಂಡು ಪಕ್ಕಕ್ಕೆ ಹೋಗದೆ ಅದೇ ಕೈಗೆ ಮರಳಿದರೆ ಮಣಿಕಟ್ಟು ನೇರವಾಗಿ ಕೆಲಸ ಮಾಡುತ್ತಿದೆ ಎಂದರ್ಥ. ವಾರಕ್ಕೊಮ್ಮೆಯಾದರೂ ಅವಳ ಶಾಲೆಯ ಅಂಗಣದಲ್ಲಿ ನಿಜವಾದ ರಿಂಗಿನ ಕೆಳಗೆ ನಿಲ್ಲಿಸಿ.

ಪ್ರಶ್ನೆ: ಮಲ್ಪೆಯಲ್ಲಿ ಸಮುದ್ರದಿಂದ ಅನತಿ ದೂರದಲ್ಲಿ ನಮ್ಮ ಮನೆ. ಹಾಕಿಸಿದ ರಿಂಗು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದಿದೆ, ಮಧ್ಯಾಹ್ನದ ನಂತರ ಗಾಳಿಗೆ ಚೆಂಡು ನಿಲ್ಲುವುದಿಲ್ಲ. ಏನು ಮಾಡಬೇಕು?
— ಓದುಗರು, ಮಲ್ಪೆ

ಉತ್ತರ: ಬೇಸಗೆಯಲ್ಲಿ ಕಡಲ ಗಾಳಿ ಹೊತ್ತೇರಿದಂತೆ ಪಡುವಣದಿಂದ ಬಲವಾಗುತ್ತದೆ, ಎತ್ತರಕ್ಕೆ ಹೋದ ಚೆಂಡನ್ನು ಅದು ಸರಿಸಿಯೇ ಸರಿಸುತ್ತದೆ. ಬೆಳಗ್ಗೆ ಬಿಸಿಲೇರುವ ಮುನ್ನ ಆಡಿ. ಸಂಜೆ ಆಡಲೇಬೇಕಾದರೆ ಸ್ಪರ್ಧಿಗಳೆಲ್ಲರೂ ಒಂದೇ ಹೊತ್ತಿನಲ್ಲಿ, ಸರದಿಯಂತೆ ಎಸೆಯುವ ಹಾಗೆ ನೋಡಿಕೊಳ್ಳಿ. ಗಾಳಿಗೆ ಹೆದರಿ ಚೆಂಡನ್ನು ಚಪ್ಪಟೆಯಾಗಿ ಎಸೆಯಲು ಮಾತ್ರ ಮಕ್ಕಳಿಗೆ ಹೇಳಿಕೊಡಬೇಡಿ. ತುಕ್ಕನ್ನು ಮರಳುಕಾಗದದಿಂದ ಪೂರ್ತಿ ಉಜ್ಜಿ ತೆಗೆದು, ತುಕ್ಕು ತಡೆಯುವ ಪ್ರೈಮರ್ ಬಳಿದು, ಅದು ಒಣಗಿದ ಮೇಲೆ ಎನಾಮಲ್ ಬಣ್ಣ ಹೊಡೆಯಿರಿ. ಬೋಲ್ಟುಗಳನ್ನು ಸ್ಟೇನ್‌ಲೆಸ್ ಸ್ಟೀಲಿನದಕ್ಕೆ ಬದಲಿಸಿ. ಬಣ್ಣ ಹೊಡೆಯಲು ಸರಿಯಾದ ಸಮಯ ಮೇ ತಿಂಗಳ ಮೊದಲ ವಾರಗಳು. ಜೂನ್ ಬಂದ ಮೇಲೆ ಅಂಗಳದಲ್ಲಿ ಹಾವಸೆ ಕಟ್ಟಿ ಕಾಲು ಜಾರುವುದರಿಂದ ಸ್ಪರ್ಧೆಯನ್ನು ನಿಲ್ಲಿಸಿ, ಬಲೆಯನ್ನು ಬಿಚ್ಚಿ ಒಳಗಿಡಿ. ಮಳೆ ಬಿಟ್ಟ ಮೇಲೆ ಹಾವಸೆಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೊಳೆದು, ನೆಲ ಚೆನ್ನಾಗಿ ಒಣಗಿದ ನಂತರವೇ ಹೊಸ ಗೆರೆ ಎಳೆಯಿರಿ.